ಧ್ರುವೀಯತೆ ಹೆಚ್ಚಿದ್ದರೂ ನೀರಿನಲ್ಲಿ ಕರಗದೇಕೆ?

ಪ್ರಶ್ನೆ: ಧ್ರುವೀಯ ವಸ್ತುಗಳು (ಅಣುವಿನ ಒಂದು ಭಾಗ ತುಸು ಧನ, ಇನ್ನೊಂದು ತುಸು ಋಣ ವಿದ್ಯುದಾವೇಶ ಹೊಂದಿರುವವು) ಧ್ರುವೀಯ ದ್ರಾವಕದಲ್ಲಿ ಕರಗುತ್ತವೆ ಎಂದು ಓದಿದ್ದೇನೆ. ಆದರೆ ಧ್ರುವೀಯತೆಯ ಅಳತೆಯಾದ ದ್ವಿಧ್ರುವ ಮಹತ್ವ ನೀರಿಗೆ 1.85 ಡಿಬೈ (ಅದರ ಮಾನ) ಇದ್ದರೆ ನೈಟ್ರೋಬೆಂಜೀನ್‌ನದು ಸುಮಾರು 4.2 ಡಿಬೈ, ಆದರೂ ಅದು ನೀರಿನಲ್ಲಿ ಕರಗುವುದು ಅತ್ಯಲ್ಪ. ದ್ವಿಧ್ರುವ ಮಹತ್ವ ಬಹಳ ಕಡಿಮೆಯಿರುವ 1,4-ಡೈಆಕ್ಸೇನ್ ಮಾತ್ರ ನೀರಿನೊಡನೆ ಯಾವ ಪ್ರಮಾಣದಲ್ಲಾದರೂ ಬೆರೆಯುತ್ತದೆ. ಹಾಗಾದರೆ ನಿಯಮವೇ ತಪ್ಪೇ?

ಉತ್ತರ: ನಿಯಮ ತಪ್ಪಲ್ಲ, ಅದನ್ನು ದ್ವಿಧ್ರುವ ಮಹತ್ವದ ಅಂಕಿಯೊಂದರಿಂದಲೇ ಅಳೆಯಲು ಹೊರಟಿದ್ದು ತೊಡಕಿಗೆ ಕಾರಣ. ಆ ಅಂಕಿ ಅಣುವಿನ ಎಲ್ಲ ಬಂಧಗಳ ಧ್ರುವೀಯತೆಯನ್ನು ದಿಕ್ಕುಸಹಿತ ಕೂಡಿದಾಗ ಉಳಿಯುವ ಮೊತ್ತ. ನೀರಿನ ಅಣುವಾದರೋ ಆ ಮೊತ್ತವನ್ನಲ್ಲ, ತನ್ನ ಪಕ್ಕಕ್ಕೆ ಬಂದ ಭಾಗವನ್ನಷ್ಟೇ ಎದುರಿಸುತ್ತದೆ. ಡೈಆಕ್ಸೇನ್‌ನಲ್ಲಿ ಎರಡು ಆಕ್ಸಿಜನ್‌ಗಳು ಉಂಗುರದ ಎದುರುಬದುರಿಗಿರುವುದರಿಂದ ಅವುಗಳ ಪರಿಣಾಮ ಲೆಕ್ಕದಲ್ಲಿ ಒಂದನ್ನೊಂದು ರದ್ದುಮಾಡುತ್ತದೆಯೇ ಹೊರತು, ಪ್ರತಿಯೊಂದು ಆಕ್ಸಿಜನ್ನೂ ನೀರಿನೊಡನೆ ಹೈಡ್ರೋಜನ್ ಬಂಧ (ಒಂದು ಅಣುವಿನ ಹೈಡ್ರೋಜನ್ನನ್ನು ಇನ್ನೊಂದು ಅಣುವಿನ ಆಕ್ಸಿಜನ್ನಿನಂಥ ಪರಮಾಣು ಸೆಳೆದು ಹಿಡಿಯುವ ಬಂಧ) ಏರ್ಪಡಿಸಿಕೊಳ್ಳುವುದಕ್ಕೆ ಅದರಿಂದ ಯಾವ ಅಡ್ಡಿಯೂ ಇಲ್ಲ.

ನೈಟ್ರೋಬೆಂಜೀನ್‌ನ ಸ್ಥಿತಿ ಇದಕ್ಕೆ ವಿರುದ್ಧ. ಅದರ ನೈಟ್ರೋ ಗುಂಪು ಬಲವಾಗಿ ಧ್ರುವೀಯವಾಗಿದ್ದರೂ ಅದರ ಆಕ್ಸಿಜನ್‌ಗಳು ನೀರಿನ ಹೈಡ್ರೋಜನ್ನನ್ನು ಹಿಡಿದುಕೊಳ್ಳುವುದರಲ್ಲಿ ದುರ್ಬಲ. ಕೊಡಲು ತನ್ನದೇ ಆದ ಸೂಕ್ತ ಹೈಡ್ರೋಜನ್ ಕೂಡ ಅದಕ್ಕಿಲ್ಲ. ಕೊಠಡಿಯ ಉಷ್ಣತೆಯಲ್ಲಿ ಒಂದು ಲೀಟರ್ ನೀರಿನಲ್ಲಿ, ನೈಟ್ರೋ ಗುಂಪಿಲ್ಲದ ಬರಿಯ ಉಂಗುರವಾದ ಬೆಂಜೀನ್ ಸುಮಾರು 1.8 ಗ್ರಾಂ ಕರಗಿದರೆ ನೈಟ್ರೋಬೆಂಜೀನ್ ಸುಮಾರು 1.9 ಗ್ರಾಂ ಕರಗುತ್ತದೆ, ಅಂದರೆ 4.2 ಡಿಬೈಯಿಂದ ದೊರೆತ ಲಾಭ ಬಹುತೇಕ ಶೂನ್ಯ. ಅದೇ ಉಂಗುರಕ್ಕೆ ಅಮೈನೋ ಗುಂಪು ಸೇರಿದ ಅನಿಲೀನ್‌ನ ದ್ವಿಧ್ರುವ ಮಹತ್ವ ಕೇವಲ 1.5 ಡಿಬೈ ಆಸುಪಾಸಿನಲ್ಲಿದ್ದರೂ ಅದು ಲೀಟರಿಗೆ ಸುಮಾರು 36 ಗ್ರಾಂ, ಹೈಡ್ರಾಕ್ಸಿಲ್ ಗುಂಪುಳ್ಳ ಫೀನಾಲ್ 80 ಗ್ರಾಂಗೂ ಹೆಚ್ಚು ಕರಗುತ್ತವೆ.

ಹೈಡ್ರೋಜನ್ ಬಂಧದಿಂದ ಬರುವ ಈ ಲಾಭಕ್ಕೆ ಎದುರಾಗಿ, ಅಣುವಿನಲ್ಲಿ ಕಾರ್ಬನ್ ಮತ್ತು ಹೈಡ್ರೋಜನ್ ಮಾತ್ರವಿರುವ ಹೈಡ್ರೋಕಾರ್ಬನ್ ಭಾಗದ ವೆಚ್ಚವನ್ನೂ ಲೆಕ್ಕಕ್ಕೆ ಹಿಡಿಯಬೇಕು. ನೀರಿಗೆ ಎಣ್ಣೆಯಂಥ ಅಣುಗಳ ಮೇಲೆ ದ್ವೇಷವೇನಿಲ್ಲ. ಅವಕ್ಕೆ ಜಾಗ ಮಾಡಿಕೊಡುವಾಗ ಸುತ್ತಲಿನ ನೀರಿನ ಅಣುಗಳು ತಮ್ಮ ಬಂಧಗಳನ್ನು ಉಳಿಸಿಕೊಳ್ಳಲು ಹೆಚ್ಚು ಶಿಸ್ತಾಗಿ ನಿಲ್ಲಬೇಕಾಗುತ್ತದೆ, ಹಾಗೆ ಎಂಟ್ರೊಪಿ (ಅಣುಗಳ ಅಸ್ತವ್ಯಸ್ತತೆಯ ಅಳತೆ) ತಗ್ಗುವುದೇ ಕೊಠಡಿಯ ಉಷ್ಣತೆಯಲ್ಲಿ ಮುಖ್ಯ ತಡೆ. ಆದ್ದರಿಂದಲೇ ಮೂರು ಕಾರ್ಬನ್‌ಗಳವರೆಗಿನ ಆಲ್ಕೋಹಾಲ್‌ಗಳು ನೀರಿನೊಡನೆ ಪೂರ್ಣವಾಗಿ ಬೆರೆತರೆ, ನಾಲ್ಕು ಕಾರ್ಬನ್ನಿನ 1-ಬ್ಯುಟನಾಲ್ ಲೀಟರಿಗೆ 70ರಿಂದ 80 ಗ್ರಾಂಗೆ, ಆರು ಕಾರ್ಬನ್ನಿನ 1-ಹೆಕ್ಸನಾಲ್ ಸುಮಾರು 6 ಗ್ರಾಂಗೆ ನಿಲ್ಲುತ್ತದೆ. ಇದರಲ್ಲಿ ಆಕಾರದ ಪಾತ್ರವೂ ಇದೆ: 1-ಬ್ಯುಟನಾಲ್‌ನ ಅಣುಸೂತ್ರವನ್ನೇ ಹೊಂದಿದ, ಆದರೆ ದುಂಡಗೆ ಅಡಕವಾಗಿರುವ ಟರ್ಷರಿ ಬ್ಯುಟೈಲ್ ಆಲ್ಕೋಹಾಲ್ ನೀರಿನೊಡನೆ ಪೂರ್ಣವಾಗಿ ಬೆರೆಯುತ್ತದೆ.

ಘನವಸ್ತುಗಳಲ್ಲಿ ಸ್ಫಟಿಕವನ್ನು ಬಿಡಿಸುವ ಶಕ್ತಿಯೂ ಸೇರುತ್ತದೆ. ಒಂದೇ ಅಣುಸೂತ್ರದ ಮೆಲಿಯಿಕ್ ಮತ್ತು ಫ್ಯುಮರಿಕ್ ಆಮ್ಲಗಳಲ್ಲಿ ಮೊದಲನೆಯದು ಲೀಟರಿಗೆ ಹಲವು ನೂರು ಗ್ರಾಂ, ಎರಡನೆಯದು ಕೆಲವೇ ಗ್ರಾಂ ಕರಗುತ್ತದೆ. ಪಠ್ಯಪುಸ್ತಕಗಳು ಇದನ್ನು ಧ್ರುವೀಯತೆಯ ವ್ಯತ್ಯಾಸಕ್ಕೆ ಉದಾಹರಣೆಯಾಗಿ ಕೊಡುವುದುಂಟು. ನನ್ನ ದೃಷ್ಟಿಯಲ್ಲಿ ಅದು ಅರ್ಧ ಉತ್ತರ. ಬಿಸಿಗೆ ಕರಗುವುದಕ್ಕೂ ನೀರಿನಲ್ಲಿ ಕರಗುವುದಕ್ಕೂ ಕನ್ನಡದಲ್ಲಿ ಒಂದೇ ಕ್ರಿಯಾಪದವಿರುವುದು ಇಲ್ಲಿ ಅನುಕೂಲವೇ ಆಗಿದೆ, ಏಕೆಂದರೆ ಮೆಲಿಯಿಕ್ ಆಮ್ಲದ ಸ್ಫಟಿಕ 130ರಿಂದ 140 ಡಿಗ್ರಿ ಸೆಲ್ಸಿಯಸ್ ನಡುವೆ ಕರಗುವಾಗ, ಬಿಗಿಯಾಗಿ ಹೆಣೆದುಕೊಂಡ ಫ್ಯುಮರಿಕ್ ಆಮ್ಲದ ಸ್ಫಟಿಕಕ್ಕೆ ಸುಮಾರು 287 ಡಿಗ್ರಿ ಬೇಕಾಗುತ್ತದೆ, ಮತ್ತು ಆ ಬಿಗಿತವನ್ನು ನೀರೂ ಬಿಡಿಸಬೇಕಾಗುತ್ತದೆ.