ಕೀಲುವಾತ ಇರುವ ಮಗಳಿಗೆ ಡಿಪಿಟಿ ಹಾಕಿಸಬಹುದಾ?

ಶಿಡ್ಲಘಟ್ಟದ ಮೇಡಂ, ಮಗಳಿಗೆ ಕೀಲುವಾತ ಇದೆ, ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್ (ರೋಗನಿರೋಧಕ ಶಕ್ತಿ ತಗ್ಗಿಸುವ) ಮಾತ್ರೆ ಕೊಡುತ್ತಿದ್ದೇವೆ, ಆಶಾ ಕಾರ್ಯಕರ್ತೆ ಹೇಳಿದ 5 ವರ್ಷದ ಡಿಪಿಟಿ (ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯು ತಡೆಯುವ ಲಸಿಕೆ) ಹಾಕಿಸಿದರೆ ಊತ ಜಾಸ್ತಿ ಆಗುತ್ತಾ ಅಂತ ಕೇಳಿದ್ದೀರಿ. ಅದಕ್ಕೆ ಹೆದರಿ ತಪ್ಪಿಸಬೇಡಿ. ಡಿಪಿಟಿಯಲ್ಲಿ ಜೀವಂತ ರೋಗಾಣು ಇರುವುದಿಲ್ಲ, ಈ ಮಾತ್ರೆ ತಗೊಳ್ಳುವ ಮಕ್ಕಳಿಗೂ ಕೊಡುತ್ತಾರೆ. ಒಂದೆರಡು ದಿನ ಜ್ವರ, ತೋಳುನೋವು ಬರಬಹುದು. ಸೋಂಕು ತಗುಲಿದರೆ ಇಂಥ ಮಕ್ಕಳಿಗೇ ಕಷ್ಟ ಜಾಸ್ತಿ ಅಲ್ವಾ? ಲಸಿಕೆಗೆಂದು ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ.

ಎಚ್ಚರ ಬೇಕಾದ್ದು ಜೀವಂತ ಲಸಿಕೆಗಳಲ್ಲಿ: ದಡಾರ-ರುಬೆಲ್ಲಾ, ಸೀತಾಳೆ ಸಿಡುಬು, ಪೋಲಿಯೊ ಹನಿ. ಪಲ್ಸ್ ಪೋಲಿಯೊ ದಿನ ಬೂತ್‌ನಲ್ಲಿ ಸುಮ್ನೆ ಬಾಯಿಗೆ ಹಾಕಿಸಿಬಿಡಬೇಡಿ. ಮನೆಯಲ್ಲಿ ಇನ್ನೊಂದು ಚಿಕ್ಕ ಮಗು ಇದ್ದರೆ ಅದರ ಹನಿಯ ಬಗ್ಗೆಯೂ ಕೀಲುವಾತದ ಡಾಕ್ಟರನ್ನು ಮೊದಲೇ ಕೇಳಿ. ಹನಿಯ ವೈರಸ್ ಆ ಮಗುವಿನ ಮಲದಲ್ಲಿ ಹೊರಬರುತ್ತದೆ, ಅದು ಮಗಳಿಗೆ ತಗುಲಬಹುದು. ಲಸಿಕೆಗೆ ಹೋದಾಗ ತಾಯಿ ಕಾರ್ಡ್ ಜೊತೆ ಮಾತ್ರೆ ಚೀಟಿಯನ್ನೂ ತೋರಿಸಿ.