ಲಾಕಪ್ಪಿನಲ್ಲಿ ಹೊಡೆದಿದ್ದಾರೆ, ದೂರು ಯಾರಿಗೆ ಕೊಡಲಿ?

ಪುಣೆಯ ಠಾಣೆಯಲ್ಲಿ ತಮ್ಮನಿಗೆ ಹೊಡೆದಿದ್ದಾರೆ, ನಾಳೆ ಮತ್ತೆ ರಿಮಾಂಡಿಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸ್ತಾರೆ, ಜಾಮೀನಾದ ಮೇಲೆ ಕಮಿಷನರಿಗೆ ಬರೆಯಲೋ ಮಾನವ ಹಕ್ಕು ಆಯೋಗಕ್ಕೋ ಅಂತ ಕೇಳಿದ್ದೀರಿ. ಎರಡೂ ಆಮೇಲಿನ ಮಾತು. 'ಜಾಮೀನಾದ ಮೇಲೆ' ಅನ್ನೋದನ್ನ ಮೊದಲು ಬಿಡಿ. ನಾನು ಹಾಗೆ ಕಾದು ಕೆಟ್ಟವನು.

ನಾಲ್ಕು ವರ್ಷದ ಹಿಂದೆ ಶಿವಾಜಿನಗರ ಕೋರ್ಟಿನ ವರಾಂಡದಲ್ಲಿ ನನ್ನ ತಮ್ಮ ಅಂಗಾಲು ಊರಲಾಗದೆ ಪಾದದ ಅಂಚಿನ ಮೇಲೆ ನಡೀತಿದ್ದ. ದೂರು ಹೇಳಿದರೆ ಕಸ್ಟಡಿ ಬೆಳೀತದೆ ಅಂತ ಯಾರೋ ಕಿವಿಗೆ ಹಾಕಿದ್ದರು. "ಏನೂ ಹೇಳಬ್ಯಾಡೋ" ಅಂದೆ. ಮ್ಯಾಜಿಸ್ಟ್ರೇಟರು ಕೇಳಿದ್ದು ಒಂದೇ ಸಾಲು: "ಪೋಲಿಸಾಂವಿರುದ್ಧ ಕಾಹೀ ತಕ್ರಾರ್?" ಪೊಲೀಸರ ಮೇಲೆ ಏನಾದ್ರೂ ದೂರಿದೆಯಾ ಅಂತ. ಇವನು "ನಾಹೀ ಸಾಹೇಬ್", ಇಲ್ಲ ಅಂದ. ಕಸ್ಟಡಿ ಹೇಗೂ ಬೆಳೀತು.

ಆ 'ನಾಹೀ' ಕೋರ್ಟಿನ ದಿನದ ದಾಖಲೆಯಲ್ಲಿ, ಅಂದ್ರೆ ರೋಜನಾಮೆಯಲ್ಲಿ, ಕೂತಿತು. ಅಂಗಾಲಿನ ಚರ್ಮ ದಪ್ಪ, ಪೆಟ್ಟು ಮೇಲೆ ಕಾಣೋದೇ ಕಡಿಮೆ. ಬಾವು ಕೆಲವೇ ದಿನದಲ್ಲಿ ಇಳೀತು. ಡಾಕ್ಟರು ಪೇದೆಯ ಎದುರಿಗೇ "ಏನಾದ್ರೂ ತ್ರಾಸಾ?" ಅಂತ ಕೇಳಿದ್ದರಿಂದ ಆ ಕಾಗದದಲ್ಲೂ ಗಾಯ ಇಲ್ಲ. ತಿಂಗಳಾದ ಮೇಲೆ ದೂರು ಕೊಟ್ಟಾಗ ಎಲ್ಲ ಕಡೆ ಒಂದೇ ಪ್ರಶ್ನೆ: ಅವತ್ತೇ ಯಾಕೆ ಹೇಳಲಿಲ್ಲ? ಉತ್ತರ ನನ್ನ ಹತ್ತಿರ ಇತ್ತು, ಹೇಳೋ ಮುಖ ಇರಲಿಲ್ಲ.

ಅದಕ್ಕೇ ದೂರು ನಾಳೆ ಮ್ಯಾಜಿಸ್ಟ್ರೇಟರಿಗೇ ಕೊಡಿ, ಇವತ್ತೇ ವಕೀಲರಿಂದ ಅರ್ಜಿ ಬರೆಸಿ. ದುಡ್ಡಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ವಕೀಲರನ್ನ ಉಚಿತವಾಗಿ ಕೊಡ್ತದೆ. ಬಿಎನ್‌ಎಸ್‌ಎಸ್ (ಸಿಆರ್‌ಪಿಸಿ ಬದಲು ಬಂದ ಕಾನೂನು) 53ನೇ ಕಲಂ ಪ್ರಕಾರ ವೈದ್ಯರ ತಪಾಸಣೆಯಾಗಬೇಕು, ವರದಿಯ ಪ್ರತಿ ತಮ್ಮನಿಗೋ ಅವನು ಹೇಳಿದವರಿಗೋ ಸಿಗಬೇಕು. ಕಸ್ಟಡಿಯಲ್ಲಿರುವಷ್ಟು ದಿನ 48 ಗಂಟೆಗೊಮ್ಮೆ ವೈದ್ಯರ ತಪಾಸಣೆ ಅನ್ನೋದು ಸುಪ್ರೀಂ ಕೋರ್ಟಿನ ಡಿ.ಕೆ. ಬಸು ತೀರ್ಪಿನಲ್ಲೇ ಇದೆ. ಬರೀ "ಹೊಡೆದರು" ಅಂತ ಬರೆಸಬೇಡಿ: ಯಾವ ದಿನ, ಎಷ್ಟು ಹೊತ್ತಿಗೆ, ಯಾತರಿಂದ, ಮೈಯ ಯಾವ ಭಾಗಕ್ಕೆ. ಪರೀಕ್ಷೆ ಮಾಡುವಾಗ ಪೇದೆ ಬಾಗಿಲಾಚೆ ನಿಲ್ಲಲಿ ಅಂತಲೂ ಕೇಳಿ. ಮೂತ್ರ ಚಹಾದ ಬಣ್ಣಕ್ಕೆ ತಿರುಗಿದ್ದರೆ ಅದನ್ನ ಮೊದಲ ಸಾಲಿನಲ್ಲೇ ಹಾಕಿಸಿ. ಜಜ್ಜಿದ ಸ್ನಾಯುವಿನ ಅಂಶ ರಕ್ತಕ್ಕೆ ಸೇರಿ ಕಿಡ್ನಿ ಕೆಡ್ತದೆ, ಆಗ ಕೇಸಿಗಿಂತ ಆಸ್ಪತ್ರೆ ಮುಖ್ಯ.

ಸಿಸಿಟಿವಿ ದೃಶ್ಯ ಕಾದಿಡಿ ಅಂತ ತಾರೀಕು, ಗಂಟೆ ಸಮೇತ ಅದೇ ಅರ್ಜಿಯಲ್ಲಿ ಕೇಳಿ. ಲಾಕಪ್ಪಿಗೂ ಕ್ಯಾಮೆರಾ ಇರಬೇಕು ಅಂತ 2020ರ ಪರಮವೀರ್ ಸಿಂಗ್ ಸೈನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ತಡ ಮಾಡಿದರೆ ಸಿಗೋ ಉತ್ತರ ಒಂದೇ, ಕ್ಯಾಮೆರಾ ಬಂದ್ ಇತ್ತು.

ನಾಳೆ ಯರವಡಾ ಜೈಲಿಗೆ ಕಳಿಸಿದರೆ ಅಲ್ಲಿ ಒಳಗೆ ತೊಗೊಳ್ಳುವಾಗ ವೈದ್ಯರು ನೋಡಿ ಮೈಮೇಲಿನ ಗಾಯಗಳನ್ನ ಬರೆದುಕೊಳ್ಳಬೇಕು. ಅಂಗಿ ಬಿಚ್ಚಿ ತೋರಿಸು ಅಂತ ತಮ್ಮನಿಗೆ ಹೇಳಿಡಿ. ಕಮಿಷನರಿಗೆ ಪತ್ರ ನಂತರ ಹಾಕಿದರಾಯ್ತು. ಆಯೋಗಕ್ಕೆ ಒಂದು ವರ್ಷದೊಳಗೆ ಬರೆಯಿರಿ, ರಾಜ್ಯದ್ದೋ ರಾಷ್ಟ್ರೀಯದ್ದೋ ಯಾವುದಾದರೂ ಒಂದಕ್ಕೆ. ರಾಜ್ಯ ಆಯೋಗದಲ್ಲಿ ನಡೀತಿರೋದನ್ನ ರಾಷ್ಟ್ರೀಯದವರು ಮುಟ್ಟೋದಿಲ್ಲ.

ತಮ್ಮನಿಗೆ ಮರಾಠಿ ಅಷ್ಟಕ್ಕಷ್ಟೇ ಅಂದಿದ್ದೀರಿ. ಇದೊಂದು ಸಾಲು ಇವತ್ತೇ ಬಾಯಿಪಾಠ ಮಾಡಿಸಿ: "ಹೋ ಸಾಹೇಬ್, ಮಲಾ ಮಾರಹಾಣ್ ಝಾಲೀ ಆಹೇ." ಹೌದು ಸಾಹೇಬ್ರೆ, ನನಗೆ ಹೊಡೆದಿದ್ದಾರೆ ಅಂತ. ಹೇಳಿ ಸುಮ್ಮನಾಗಬಾರದು. ಮ್ಯಾಜಿಸ್ಟ್ರೇಟರು ಬರ್ಕೊಳ್ಳೋವರೆಗೂ ಅಲ್ಲಿಂದ ಕದಲಬಾರದು.