ಅಡಿಕೆ ತೋಟದವರು ಪಾಮ್ ಮರ ನೋಡಲು ಹೋಗಬೇಕಾ?

ಓದುಗರ ಪತ್ರ: "ಮಗಳು ತಿರುವನಂತಪುರದಲ್ಲಿದ್ದಾಳೆ. ಬರುವ ತಿಂಗಳು ನಾನೂ ನಮ್ಮ ಮನೆಯವರೂ ಅಲ್ಲಿಗೆ ಹೊರಟಿದ್ದೇವೆ. ಹತ್ತಿರದ ಪಾಲೋಡಿನಲ್ಲಿ ಒಂದು ಸಸ್ಯೋದ್ಯಾನ ಇದೆ, ಅಡಿಕೆ, ತೆಂಗಿನ ಜಾತಿಯ ಬಗೆಬಗೆಯ ಪಾಮ್ ಮರ ಬೆಳೆಸಿದ್ದಾರೆ ಎಂದು ಅಳಿಯ ಹೇಳಿದರು. ನೋಡುವ ಆಸೆ ನನಗೆ. ಆದರೆ ಮನೆಯಲ್ಲಿ ಎಲ್ಲರೂ ನಗುತ್ತಾರೆ. 'ಹುಟ್ಟಿದಾಗಿನಿಂದ ಅಡಿಕೆ ಮರ ನೋಡಿದ್ದು ಸಾಕಾಗಲಿಲ್ವಾ? ಅಷ್ಟು ದೂರ ಹೋಗಿ ಮತ್ತೆ ಅದನ್ನೇ ನೋಡ್ತೀರಾ?' ಅಂತಾರೆ. ಹೋಗಬಹುದಾ? ಹೋದರೆ ಏನು ನೋಡಬೇಕು? ನಮ್ಮ ತೋಟದ ತಲೆಕಟ್ಟಿನಲ್ಲಿ, ಅಂದರೆ ಮೇಲಿನ ಅಂಚಿನಲ್ಲಿ, ಸ್ವಲ್ಪ ಜಾಗ ಖಾಲಿ ಇದೆ. ಅಲ್ಲಿ ಇಂಥ ಮರ ಹಾಕಬಹುದಾ?"
— ಸಾಗರ ತಾಲ್ಲೂಕಿನ ಒಬ್ಬ ಓದುಗರು

ಸಂಪಾದಕರ ಉತ್ತರ:

ಖಂಡಿತ ಹೋಗಿ. ಮನೆಯವರು ನಗಲಿ, ಅವರನ್ನೂ ಕರೆದುಕೊಂಡೇ ಹೋಗಿ. ಅಡಿಕೆ ಮರ ನೋಡಿ ಬೆಳೆದವರು ಪಾಮ್ ಮರಗಳನ್ನು ನೋಡಲು ಯಾಕೆ ಹೋಗಬೇಕು ಎಂದು ಕೇಳುತ್ತಾರಲ್ಲ, ಅಡಿಕೆ ಮರ ನೋಡಿ ಬೆಳೆದದ್ದಕ್ಕೇ ಹೋಗಬೇಕು. ಬೇರೆಯವರಿಗೆ ಅಲ್ಲಿ ಕಾಣುವುದು ಎತ್ತರದ ಮರಗಳ ಒಂದು ಸಾಲು. ನಿಮಗೆ ಅದಕ್ಕಿಂತ ಜಾಸ್ತಿ ಕಾಣುತ್ತದೆ. ಸೋಗೆ (ಗರಿ) ಯಾವುದು, ಹಾಳೆ (ಗರಿಯ ಬುಡದ ಅಗಲ ಪೊರೆ) ಯಾವುದು, ಸಿಂಗಾರ (ಹೂಗೊನೆ) ಎಲ್ಲಿಂದ ಒಡೆಯುತ್ತದೆ, ಸುಳಿ ಸತ್ತರೆ ಮರಕ್ಕೆ ಏನಾಗುತ್ತದೆ, ಇದೆಲ್ಲ ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಪಾಲೋಡಿನ ಸಸ್ಯೋದ್ಯಾನ ಜವಾಹರಲಾಲ್ ನೆಹರು ಅವರ ಹೆಸರಿನದು. 1979ರಲ್ಲಿ ಶುರುವಾಯಿತು. ಪಶ್ಚಿಮ ಘಟ್ಟದ ಬುಡದಲ್ಲಿ ಸುಮಾರು 300 ಎಕರೆ ಇದೆ. ತಿರುವನಂತಪುರದಿಂದ ನೆಡುಮಂಗಾಡು ದಾಟಿ ಹೋಗಬೇಕು, ಸುಮಾರು 40 ಕಿಲೋಮೀಟರ್. ತಿರುವನಂತಪುರಕ್ಕೆ ಹೋದ ನಮ್ಮ ಕಡೆಯವರು ಪದ್ಮನಾಭ ಸ್ವಾಮಿಯ ದರ್ಶನ ಮಾಡಿ, ಕೋವಳಂ ಸಮುದ್ರ ನೋಡಿ ವಾಪಸ್ ಬರುತ್ತಾರೆ. ಪಾಲೋಡಿನ ಹೆಸರು ಹೇಳುವವರೇ ಕಡಿಮೆ. ಹೊರಡುವ ಮುಂಚೆ ಅಳಿಯಂದಿರಿಂದ ಒಂದು ಫೋನ್ ಮಾಡಿಸಿ ರಜೆ ದಿನ, ಒಳಗೆ ಬಿಡುವ ಹೊತ್ತು ಕೇಳಿಕೊಳ್ಳಿ. ಅದು ಸಂಶೋಧನೆ ನಡೆಯುವ ಜಾಗ, ಬರೀ ಪಾರ್ಕ್ ಅಲ್ಲ. ಬೆಳಗ್ಗೆಯೇ ಹೋಗಿ. ಮಳೆ ಇದ್ದರೆ ಉಂಬಳ (ಜಿಗಣೆ) ಇರುತ್ತದೆ, ಅದನ್ನು ನಿಮಗೆ ಹೇಳಬೇಕಾಗಿಲ್ಲ ಬಿಡಿ.

ಇನ್ನು ಏನು ನೋಡಬೇಕು ಎಂಬ ಪ್ರಶ್ನೆ. ಜಗತ್ತಿನಲ್ಲಿ ಸುಮಾರು 2,600 ಜಾತಿಯ ಪಾಮ್‌ಗಳಿವೆ. ಹೆಸರಿನ ಫಲಕ ಓದುತ್ತಾ ಓಡಿದರೆ ಒಂದೂ ನೆನಪಿನಲ್ಲಿ ಉಳಿಯುವುದಿಲ್ಲ. ಫಲಕ ಆಮೇಲೆ ಓದಿ. ಮೊದಲು ಮರದ ಮುಂದೆ ನಿಂತು ಅಡಿಕೆ ಮರಕ್ಕೂ ಇದಕ್ಕೂ ಏನು ಹೋಲಿಕೆ, ಎಲ್ಲಿ ಬೇರೆ ಎಂದು ನೋಡಿ.

ಹಾಳೆಯಿಂದ ಶುರು ಮಾಡಿ. ಅಡಿಕೆ ಮರದ ತಲೆಯ ಕೆಳಗೆ ಹಾಳೆಗಳು ಒಂದರ ಮೇಲೊಂದು ಸುತ್ತಿಕೊಂಡು ನುಣುಪಾದ ಹಸಿರು ಕಂಬ ಆಗಿರುತ್ತದೆ ಅಲ್ವಾ? ತೆಂಗಿಗೆ ಅದಿಲ್ಲ. ಆ ಹಸಿರು ಕಂಬ ಕಂಡ ಕಡೆ ಅಡಿಕೆಯ ಹತ್ತಿರದ ಅಥವಾ ದೂರದ ನಂಟು ಇದೆ ಎಂದು ತಿಳಿಯಬಹುದು. ಕಲ್ಯಾಣ ಮಂಟಪಗಳ ಮುಂದೆ ಸಾಲಾಗಿ ನೆಡುವ ದಪ್ಪ ಬಿಳಿ ಕಾಂಡದ ಮರಕ್ಕೆ ನಮ್ಮಲ್ಲಿ ಬಾಟಲ್ ಪಾಮ್ ಅನ್ನುತ್ತಾರೆ. ಅದು ಕ್ಯೂಬಾ ಕಡೆಯ ರಾಯಲ್ ಪಾಮ್. ನಿಜವಾದ ಬಾಟಲ್ ಪಾಮ್ ಗಿಡ್ಡ, ಬುಡ ಉಬ್ಬಿರುತ್ತದೆ, ಮಾರಿಷಸ್ ಹತ್ತಿರದ ಒಂದು ಪುಟ್ಟ ದ್ವೀಪದ್ದು. ಎರಡಕ್ಕೂ ಈ ಹಸಿರು ಕಂಬ ಇದೆ. ಮಲಯ ಕಡೆಯ ಒಂದು ಪಾಮ್‌ನಲ್ಲಿ ಇದೇ ಕಂಬ ಅರಗಿನಂತೆ ಕೆಂಪಗಿರುತ್ತದೆ. ಕಂಡರೆ ಬಿಡಬೇಡಿ.

ಆಮೇಲೆ ಸಿಂಗಾರ. ಅಡಿಕೆಯಲ್ಲಿ ಹಾಳೆ ಕಳಚಿ ಬಿದ್ದ ಮೇಲೆ ಅದರ ಬುಡದಲ್ಲಿ ಹೊಂಬಾಳೆ ಒಡೆಯುತ್ತದೆ. ತೆಂಗಿನಲ್ಲಿ ಗರಿಗಳ ಸಂದಿಯಿಂದಲೇ ಬರುತ್ತದೆ. ಬಗನಿ ಎಂಬ ಕಾಡಿನ ಪಾಮ್ ಇವೆರಡಕ್ಕಿಂತ ಬೇರೆ. ಮರ ಪೂರ್ತಿ ಬೆಳೆಯುವವರೆಗೆ ಹೂ ಬಿಡುವುದಿಲ್ಲ. ಬಿಡಲು ಶುರು ಮಾಡಿದರೆ ಮೊದಲ ಗೊನೆ ತುದಿಯಲ್ಲಿ, ಮುಂದಿನದು ಅದರ ಕೆಳಗೆ, ಅದರ ಮುಂದಿನದು ಇನ್ನೂ ಕೆಳಗೆ. ಹೀಗೆ ವರ್ಷಗಟ್ಟಲೆ ಇಳಿಯುತ್ತಾ ಬಂದು ಕೊನೆಯ ಗೊನೆ ಹಣ್ಣಾದ ಮೇಲೆ ಮರ ಸಾಯುತ್ತದೆ. ನಮ್ಮ ಬೆಟ್ಟಗಳಲ್ಲಿ ಬಗನಿ ಬೇಕಾದಷ್ಟಿದೆ. ಹೆಂಡ ಇಳಿಸುವವರಿಗೆ, ಆನೆ ಸಾಕುವವರಿಗೆ ಅದರ ಬೆಲೆ ಗೊತ್ತು. ಉಳಿದವರು ತಲೆ ಎತ್ತಿ ನೋಡುವುದು ಕಡಿಮೆ. ಎಲೆ ಎರಡು ಸಲ ಕವಲೊಡೆದು, ತುದಿಯಲ್ಲಿ ಮೀನಿನ ಬಾಲದಂತೆ ಹರಿದಿರುತ್ತದೆ. ಎರಡು ಸಲ ಕವಲೊಡೆಯುವ ಎಲೆ ಪಾಮ್‌ಗಳಲ್ಲೆಲ್ಲ ಬಗನಿಯ ಕುಲಕ್ಕೆ ಮಾತ್ರ ಇರುವುದು.

ಇನ್ನು ಶ್ರೀತಾಳೆ ಎಂಬ ಪಾಮ್. ಪಾಲೋಡಿನಲ್ಲಾಗಲಿ ಬೇರೆಲ್ಲಾಗಲಿ ಶ್ರೀತಾಳೆ ಹೂ ಬಿಟ್ಟಿದೆ ಎಂದು ಗೊತ್ತಾದರೆ ಉಳಿದ ಕೆಲಸ ಬಿಟ್ಟು ಅಲ್ಲಿಗೆ ಹೋಗಿ. ಅದು ಬದುಕಿನಲ್ಲಿ ಹೂ ಬಿಡುವುದು ಒಂದೇ ಸಲ. 30 ವರ್ಷಕ್ಕೂ ಆಗಬಹುದು, 80 ವರ್ಷವೂ ಆಗಬಹುದು. ಅಷ್ಟೂ ವರ್ಷ ಕೂಡಿಟ್ಟ ಹಿಟ್ಟನ್ನೆಲ್ಲ ಖರ್ಚು ಮಾಡಿ ನೆತ್ತಿಯ ಮೇಲೆ ಒಂದೇ ಒಂದು ಹೂಗೊಂಚಲು ಎತ್ತುತ್ತದೆ. 6ರಿಂದ 8 ಮೀಟರ್ ಎತ್ತರ, ಲಕ್ಷ ಲಕ್ಷ ಹೂ. ಇಷ್ಟು ದೊಡ್ಡ ಹೂಗೊಂಚಲು ಬೇರೆ ಯಾವ ಗಿಡಕ್ಕೂ ಇಲ್ಲ. ಕಾಯಿ ಬಲಿಯಲು ಹೆಚ್ಚುಕಡಿಮೆ ಒಂದು ವರ್ಷ ಬೇಕು. ಆಮೇಲೆ ಮರ ಒಣಗಿ ಬೀಳುತ್ತದೆ. ಈ ಮರಕ್ಕೂ ನಿಮ್ಮ ತಾಲ್ಲೂಕಿಗೂ ಹಳೇ ಸಂಬಂಧ ಇದೆ. ಕೆಳದಿಯ ವಸ್ತುಸಂಗ್ರಹಾಲಯದಲ್ಲಿ ತಾಳೆಗರಿಯ ಕಟ್ಟುಗಳಿವೆಯಲ್ಲ, ನೋಡಿಲ್ಲದಿದ್ದರೆ ಹೊರಡುವ ಮೊದಲೇ ಒಮ್ಮೆ ನೋಡಿ ಬನ್ನಿ. ಹಿಂದಿನವರು ಬರೆಯಲು ಶ್ರೀತಾಳೆಯ ಗರಿಯನ್ನು ಇಷ್ಟಪಡುತ್ತಿದ್ದರು. ಸಾದಾ ತಾಳೆಯ ಗರಿಗಿಂತ ಅದು ತೆಳುವು, ಮೆದು, ಬಾಳಿಕೆಯೂ ಜಾಸ್ತಿ. ಬೇಯಿಸಿ, ಒಣಗಿಸಿ, ಕಂಟ ಎಂಬ ಚೂಪು ಕಡ್ಡಿಯಿಂದ ಕೊರೆದು, ಮಸಿ ತಿಕ್ಕುತ್ತಿದ್ದರು. ಆ ಗರಿಯನ್ನು ಕಣ್ಣಲ್ಲಿ ಇಟ್ಟುಕೊಂಡು ಹೋಗಿ ಮರದ ಕೆಳಗೆ ನಿಂತರೆ ಮರವೇ ಬೇರೆಯಾಗಿ ಕಾಣುತ್ತದೆ.

ಬೆತ್ತದ ಮೆಳೆಯ ಹತ್ತಿರವೂ ಸ್ವಲ್ಪ ನಿಲ್ಲಿ. ಬೆತ್ತವೂ ಪಾಮ್ ಎಂದರೆ ಸುಮಾರು ಜನ ನಂಬುವುದಿಲ್ಲ. ಹಾಳೆ ಇದೆ, ಸೋಗೆ ಇದೆ, ಸುಳಿ ಇದೆ. ತನ್ನ ಕಾಲ ಮೇಲೆ ನಿಲ್ಲುವ ಬದಲು ಮುಳ್ಳಿನ ಕೊಕ್ಕೆ ಹಾಕಿಕೊಂಡು ಬೇರೆ ಮರ ಹತ್ತುತ್ತದೆ, ಅಷ್ಟೇ. ಇನ್ನೊಂದು ಕಡೆ, ಶಾಲೆ ಅಂಗಳಗಳಲ್ಲಿ ಬೀಸಣಿಗೆಯ ಹಾಗೆ ಹರಡಿ ನಿಲ್ಲುವ ಟ್ರಾವೆಲರ್ಸ್ ಪಾಮ್ ಪಾಮ್ ಅಲ್ಲವೇ ಅಲ್ಲ. ಅದು ಬಾಳೆಯ ಕಡೆಯ ನಂಟು.

ಮಲಬಾರಿನ ಗಿಡಮರಗಳ ಬಗ್ಗೆ 'ಹೋರ್ಟಸ್ ಮಲಬಾರಿಕಸ್' ಎಂಬ 12 ಸಂಪುಟಗಳ ಪುಸ್ತಕ ಇದೆ. ಕೊಚ್ಚಿಯಲ್ಲಿದ್ದ ಡಚ್ ಅಧಿಕಾರಿ ವಾನ್ ರೀಡ್ ಮಾಡಿಸಿದ್ದು. 1678ರಿಂದ 1693ರವರೆಗೆ ಆಮ್‌ಸ್ಟರ್‌ಡಾಮಿನಲ್ಲಿ ಅಚ್ಚಾಯಿತು. ಮೊದಲ ಸಂಪುಟದಲ್ಲೇ ತೆಂಗು, ಅಡಿಕೆ, ಬಗನಿ, ತಾಳೆ ಬರುತ್ತವೆ, ಶ್ರೀತಾಳೆ ಮೂರನೆಯದರಲ್ಲಿ. ಮಾಹಿತಿ ಕೊಟ್ಟವರು ಇಲ್ಲಿನವರೇ. ವೈದ್ಯ ಇಟ್ಟಿ ಅಚ್ಯುತನ್, ರಂಗ ಭಟ್, ವಿನಾಯಕ ಪಂಡಿತ್, ಅಪ್ಪು ಭಟ್ ಎಂಬ ಹೆಸರುಗಳು ಪುಸ್ತಕದಲ್ಲೇ ಇವೆ. ಮುಂದೆ 1753ರಲ್ಲಿ ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಲಿನೇಯಸ್ ಈ ಮರಗಳಿಗೆ ವೈಜ್ಞಾನಿಕ ಹೆಸರು ಕೊಟ್ಟಾಗ ಈ ಪುಸ್ತಕ ಅವನಿಗೆ ಆಸರೆಯಾಗಿತ್ತು. ಮರದ ಜೊತೆ ಬದುಕಿದವರ ತಿಳಿವಳಿಕೆ ಎಷ್ಟು ದೂರ ಹೋಯಿತು ನೋಡಿ. ಹಾಗಾಗಿ ಅಲ್ಲಿನ ತೋಟದ ಕೆಲಸದವರ ಜೊತೆ ಮಾತಾಡಲು ಸಂಕೋಚ ಬೇಡ. ಮಲಯಾಳಂ ಬರದಿದ್ದರೆ ಬೆರಳು ತೋರಿಸಿ ಕೇಳಿ. ಅಡಿಕೆ ಬೆಳೆಯುವವರು ಎಂದು ಗೊತ್ತಾದರೆ ಅವರೂ ನಿಮ್ಮನ್ನು ಕೇಳುತ್ತಾರೆ.

ಒಂದು ವಿಷಯದಲ್ಲಿ ಮಾತ್ರ ಕೈಮುಗಿದು ಕೇಳಿಕೊಳ್ಳುತ್ತೇನೆ. ಅಲ್ಲಿಂದ ಒಂದು ಸಸಿಯನ್ನೂ ತರಬೇಡಿ. ಸಸ್ಯೋದ್ಯಾನದಿಂದಲೂ ಬೇಡ, ದಾರಿಯ ನರ್ಸರಿಯಿಂದಲೂ ಬೇಡ, ನೆಂಟರ ಮನೆಯಿಂದಲೂ ಬೇಡ. ದಕ್ಷಿಣ ಕೇರಳದ ತೆಂಗಿಗೆ ಬೇರು ಸೊರಗು ರೋಗ ಬಂದು ನೂರು ವರ್ಷದ ಮೇಲಾಯಿತು. ಅಡಿಕೆಯ ಹಳದಿ ಎಲೆ ರೋಗವೂ ಮೊದಲು ವರದಿಯಾದದ್ದು ಕೇರಳದಲ್ಲೇ. ಶೃಂಗೇರಿ, ಕೊಪ್ಪದ ಕಡೆ ಆ ರೋಗ ಎಷ್ಟು ತೋಟಗಳನ್ನು ತಿಂದಿದೆ ಎಂದು ನಿಮಗೆ ಗೊತ್ತು. ಎರಡನ್ನೂ ಹುಟ್ಟಿಸುವುದು ಫೈಟೋಪ್ಲಾಸ್ಮಾ ಎಂಬ ಕಣ್ಣಿಗೆ ಕಾಣದ ಜೀವಿ. ಹರಡುವುದು ರಸ ಹೀರುವ ಸಣ್ಣ ಕೀಟಗಳಿಂದ. ಸಸಿ ನೋಡಲು ಹಸಿರಾಗಿಯೇ ಇರುತ್ತದೆ. ಈಗಾಗಲೇ ಅಡಿಕೆಯ ಕೊಳೆ ರೋಗ, ಎಲೆಚುಕ್ಕಿ ರೋಗ ಅಂತ ಮಲೆನಾಡು ಸಾಕಷ್ಟು ಅನುಭವಿಸುತ್ತಿದೆ. ಆಸೆಗೆ ತಂದ ಒಂದು ಗಿಡ ಇನ್ನೊಂದು ಕಷ್ಟ ತರುವುದು ಬೇಡ. ಫೋಟೋ ತನ್ನಿ, ಸಾಕು.

ನಿಮ್ಮ ಮೂರನೇ ಪ್ರಶ್ನೆಗೆ ಉತ್ತರವೂ ಇಲ್ಲೇ ಇದೆ. ತಲೆಕಟ್ಟಿನ ಜಾಗಕ್ಕೆ ಹೊರಗಿನ ಗಿಡ ಯಾಕೆ? ಸುಮ್ನೆ ಯೋಚಿಸಿ. ನಾವು ನಮ್ಮದು ಎಂದು ಹೇಳಿಕೊಳ್ಳುವ ಅಡಿಕೆಯೇ ಹೊರಗಿನಿಂದ ಬಂದದ್ದು. ಫಿಲಿಪೈನ್ಸ್ ಮತ್ತು ಸುತ್ತಲಿನ ದ್ವೀಪಗಳು ಅದರ ತವರು ಎಂದು ಸಸ್ಯಶಾಸ್ತ್ರಜ್ಞರು ಹೇಳುತ್ತಾರೆ. ಬಂದು ಅದೆಷ್ಟೋ ಶತಮಾನ ಆಯಿತು, ಮನೆ ಮಗಳೇ ಆಗಿದೆ, ಸರಿ. ಆದರೆ ಇದೇ ಮಣ್ಣಿನಲ್ಲಿ ಹುಟ್ಟಿದ ಅದರ ದಾಯಾದಿ ಕಾನಿನ (ದಟ್ಟ ಕಾಡಿನ) ಒಳಗೆ ಇದೆ. ಕಾಡಡಿಕೆ. ವೈಜ್ಞಾನಿಕ ಹೆಸರು ಪಿನಾಂಗಾ ಡಿಕ್ಸೋನಿಯೈ. ಪಶ್ಚಿಮ ಘಟ್ಟ ಬಿಟ್ಟರೆ ಬೇರೆಲ್ಲೂ ಕಾಡಿನಲ್ಲಿ ಬೆಳೆಯುವುದಿಲ್ಲ. ಸಪೂರ ಕಾಂಡ, ಅಡಿಕೆಯದೇ ಉಂಗುರಗಳು. ಅದಕ್ಕೆ ಬೇಕಾದದ್ದು ಮಂದ ನೆರಳು, ಬುಡದಲ್ಲಿ ಸದಾ ತೇವ. ಕಾಯಿ ಹಣ್ಣಾದಾಗ ಗೊನೆಯ ಕಡ್ಡಿಗಳೆಲ್ಲ ಕೆಂಪಾಗುತ್ತವೆ. ಅಷ್ಟು ಚೆಂದದ ಮರವನ್ನು ಕುಂಡದಲ್ಲಿಟ್ಟು ಮಾರುವ ಯಾವ ಪಾಮ್ ಜೊತೆಗೂ ನಾನು ಬದಲಾಯಿಸಿಕೊಳ್ಳುವುದಿಲ್ಲ. ಕೆಲವೆಡೆ ದಡಸಲು ಎನ್ನುವ ಇನ್ನೊಂದು ಪಾಮ್ ಇದೆ, ಅರೆಂಗಾ ಜಾತಿಯದು, ಅದೂ ಘಟ್ಟದ್ದೇ. ಹಿಂಡಾಗಿ ಬೆಳೆಯುತ್ತದೆ. ಎಲೆಯ ಕೆಳಮೈ ಬೆಳ್ಳಿ ಬಣ್ಣ, ಗಾಳಿ ಬಂದಾಗ ಇಡೀ ಮೆಳೆ ಬೆಳ್ಳಗೆ ಹೊಳೆಯುತ್ತದೆ.

ಇವುಗಳನ್ನು ಹಾಕಿ. ಜೊತೆಗೆ ಬಗನಿ, ಜಾಗ ಇದ್ದರೆ ಒಂದು ಶ್ರೀತಾಳೆ. ಶ್ರೀತಾಳೆಗೆ ಅಗಲ ಬೇಕು, ಎಲೆಯೇ ಒಂದು ಕೋಣೆಯಷ್ಟು ಹರಡುತ್ತದೆ. ಅದರ ಹೂವನ್ನು ಬಹುಶಃ ನಿಮ್ಮ ಮೊಮ್ಮಕ್ಕಳು ನೋಡುತ್ತಾರೆ, ಅವರಿಗಾಗಿಯೇ ಹಾಕಿ. ಕಾಡಡಿಕೆ, ದಡಸಲು ಎರಡನ್ನೂ ನೀರು ನಿಲ್ಲದ ಆದರೆ ತೇವ ಆರದ ನೆರಳಿನ ಕಡೆ ಹಾಕಿ, ಮೊದಲ ಬೇಸಿಗೆಗಳಲ್ಲಿ ದರಗು (ಒಣಗಿದ ಎಲೆ) ಮುಚ್ಚಿ.

ರಕ್ಷಿತ ಅರಣ್ಯದಿಂದ ಗಿಡ ಕೀಳುವುದು ಬೇಡ, ಅದು ತಪ್ಪು. ತೋಟಕ್ಕೆ ಸೊಪ್ಪು ತರುವ ನಿಮ್ಮ ಸೊಪ್ಪಿನಬೆಟ್ಟದಲ್ಲೋ ನೆರೆಯವರ ತೋಟದ ಅಂಚಿನಲ್ಲೋ ತಾಯಿ ಮರ ಇದ್ದರೆ ಅವರನ್ನು ಕೇಳಿ, ಕೆಳಗೆ ಬಿದ್ದ ಹಣ್ಣು ಆರಿಸಿ. ಪಾಮ್ ಬೀಜಗಳನ್ನು ಸಾಮಾನ್ಯವಾಗಿ ಒಣಗಿಸಿ ಇಟ್ಟರೆ ಕೆಡುತ್ತವೆ. ಆರಿಸಿದ ವಾರದಲ್ಲೇ ಮರಳು ಮಣ್ಣಿನ ಪಾತಿಗೆ ಹಾಕಿ ನೆರಳು ಮಾಡಿ. ಅಡಿಕೆ ಗೋಟು (ಬಿತ್ತನೆಯ ಹಣ್ಣಡಿಕೆ) ಹಾಕಿ ಪಳಗಿದ ಕೈಗೆ ಇದೇನೂ ಹೊಸದಲ್ಲ. ಮೊಳಕೆ ಮಾತ್ರ ಅಡಿಕೆಗಿಂತ ತಡವಾಗಬಹುದು, ತಿಂಗಳುಗಟ್ಟಲೆ ಕಾಯಬೇಕಾದೀತು, ಪಾತಿ ಕೆದಕಬೇಡಿ. ಮತ್ತೆ, ಬಗನಿ ಹಣ್ಣನ್ನು ಬರಿಗೈಯಲ್ಲಿ ಹಿಸುಕಬೇಡಿ. ತಿರುಳಿನಲ್ಲಿ ಸೂಜಿಯಂಥ ಹರಳುಗಳಿವೆ, ಕೈಯೆಲ್ಲ ತುರಿಸುತ್ತದೆ. ಕೈಗೆ ಪ್ಲಾಸ್ಟಿಕ್ ಚೀಲ ಹಾಕಿಕೊಂಡು ತೊಳೆಯಿರಿ, ಮಕ್ಕಳನ್ನು ಹತ್ತಿರ ಬಿಡಬೇಡಿ.